ಗಾಲಿಯ ಒಳಗಿನ ಅಳತೆ

ಮೋಟೆಬೆನ್ನೂರಿನ ಚಂದ್ರಪ್ಪ ವಾರಕ್ಕೆ ಮೂರು ದಿನ ನೀಲಗಂಗವ್ವನನ್ನೂ ಇನ್ನಿಬ್ಬರನ್ನೂ ಡಯಾಲಿಸಿಸ್‌ಗೆಂದು ತನ್ನ ಬಾಡಿಗೆ ಕಾರಿನಲ್ಲಿ ಹಾವೇರಿಗೆ ಕರೆದೊಯ್ಯುತ್ತಿದ್ದ. ಗುತ್ತಲದ ದಾರಿಯ ತಗ್ಗಿಗೆ ಬಿದ್ದು ಮುಂದಿನ ಎರಡೂ ರಿಮ್ ಸೊಟ್ಟಗಾದವು. ಹೇಗೂ ಖರ್ಚಾಗುವುದೇ ಅಂದುಕೊಂಡು ಆತ ಯಾರೋ ಬಿಚ್ಚಿಟ್ಟಿದ್ದ ನಾಲ್ಕು ಅಲಾಯ್ ವೀಲ್ ತಂದು ಹಾಕಿಸಿದ. ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ಕಾರು ಮದುಮಗನ ಹಾಗೆ ಕಂಡಿತು.

ಮೂರನೆಯ ದಿನ ಹಿಂದಿನ ಸೀಟು ತುಂಬಿದ್ದಾಗ, ತಿರುವಿನಲ್ಲಿ ಕರ್ರೆಂದು ಸಪ್ಪಳ ಬಂತು.

“ಚಂದ್ರಪ್ಪಾ, ಗಾಲಿ ನರಳಾಕತ್ತೈತಿ ನೋಡಪಾ,” ಅಂದಳು ನೀಲಗಂಗವ್ವ.

ಇಳಿದು ನೋಡಿದರೆ ಟೈರಿನ ಅಂಚು ಕೆತ್ತಿದಂತಾಗಿತ್ತು. ಅವರನ್ನೆಲ್ಲ ಮನೆ ಮುಟ್ಟಿಸಿ, ಮೆಲ್ಲಗೆ ನಡೆಸಿಕೊಂಡು ರಾಣೆಬೆನ್ನೂರಿನ ಯೂಸುಫಸಾಬರ ಗ್ಯಾರೇಜಿಗೆ ಬಂದ. ಮುದುಕರು ಕುರ್ಚಿಯಲ್ಲಿ ಕೂತಿದ್ದರು. ಗಾಡಿಯ ಕೆಳಗಿನಿಂದ ಎದ್ದು ಬಂದವಳು ಅವರ ಮಗಳು ದಿಲನಾಜ.

“ಅಪ್ಪಾಗ ಸೊಂಟ ಹಿಡದೈತ್ರಿ. ನಾ ನೋಡ್ತೇನಿ, ಒಳಗ ತಗೋರಿ.”

ಈ ಹುಡುಗಿ ಏನು ನೋಡುತ್ತಾಳೆ ಅಂದುಕೊಂಡೇ ಚಂದ್ರಪ್ಪ, ಇದು ಪೇಷೆಂಟುಗಳನ್ನು ಒಯ್ಯುವ ಗಾಡಿ ಎಂದು ಹೇಳಿ ಕೀಲಿ ಕೊಟ್ಟ. ಆಕೆ ಗಾಲಿ ಬಿಚ್ಚಿ, ಡಿಕ್ಕಿಯಲ್ಲಿದ್ದ ಹಳೆಯ ಕಬ್ಬಿಣದ ರಿಮ್ಮುಗಳಲ್ಲಿ ಸೊಟ್ಟಗಾಗದ ಒಂದನ್ನು ತಂದು, ಎರಡನ್ನೂ ಮುಖ ಕೆಳಗಾಗಿ ಮಲಗಿಸಿದಳು. ಹಿಂಬದಿಯ ಅಂಚಿಗೆ ಅಡ್ಡವಾಗಿ ನೆಟ್ಟನೆಯ ಪಟ್ಟಿ ಇಟ್ಟು, ಅಲ್ಲಿಂದ ಬೋಲ್ಟ್ ಕೂರುವ ತಟ್ಟೆಯವರೆಗೆ ಸ್ಕೇಲು ಇಳಿಬಿಟ್ಟಳು.

“ತೂತು ಕೂತ್ರ ಸಾಲೂದಿಲ್ರಿ ಅಣ್ಣಾರ. ಈ ಆಳಕ್ಕ ಬ್ಯಾಕ್‌ಸ್ಪೇಸ್ ಅಂತಾರ. ಹಳೇದು ನೂರಾ ಇಪ್ಪತ್ತೇಳು ಮಿಲಿಮೀಟರ್, ಹೊಸಾದು ನೂರಾ ಮೂವತ್ತಾರು. ಈ ತಟ್ಟಿ ಗಾಲಿಯ ನಟ್ಟನಡುವಿನಿಂದ ಎಷ್ಟು ಸರದೈತಿ, ಅದು ಆಫ್‌ಸೆಟ್. ತಟ್ಟಿ ಹೊರಗ ಸರದಷ್ಟು ಗಾಲಿ ಒಳಗ ಹೋಗತೈತಿ. ನಿಮ್ಮ ಹೊಸ ರಿಮ್ಮಿಗೆ ಆಫ್‌ಸೆಟ್ ಕಡಿಮಿ, ಅಗಲ ಜಾಸ್ತಿ. ಅಗಲಕ್ಕ ಒಳಗ ತಾಗತೈತಿ, ಎರಡೂ ಸೇರಿ ಹೊರಗ ಒಂದಿಂಚಿಗಿಂತ ಹೆಚ್ಚು ಚಾಚೈತಿ.”

“ಗಾಲಿ ಮ್ಯಾಲಿನ ತಗಡಿನ ಅಂಚು ಬಡದು ಮಡಚಿಬಿಡು, ತಂಗಿ.”

“ಹೊರಗಿನ ಸಪ್ಪಳ ನಿಂತೀತು. ಬೇರಿಂಗ್ ಮ್ಯಾಲಿನ ಭಾರ ನಿಲ್ಲೂದಿಲ್ಲ. ಹಿಂದ ಕೂಡವ್ರು ಪೇಷೆಂಟು ಅಂದ್ರಿ. ನಾ ಮಾಡೂದಿಲ್ರಿ.”

ಮಾತು ಮೆತ್ತಗಿತ್ತು, ಆದರೆ ಮುಂದೆ ಚರ್ಚೆಗೆ ಜಾಗವಿರಲಿಲ್ಲ. ಚಂದ್ರಪ್ಪನಿಗೆ ಮೊದಲು ಸಿಟ್ಟು ಬಂತು. ಕೆಲಸ ಬೇಡವೆನ್ನುವ ಗ್ಯಾರೇಜನ್ನು ಆತ ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಿಟ್ಟು ಇಳಿಯಿತು. ಹಿಂದಿನ ಸೀಟಿನ ನೀಲಗಂಗವ್ವ ನೆನಪಾದಳು.

“ಬ್ಯಾಡಗಿಯಾಗ ಮಹಮ್ಮದ್ ಹನೀಫ್ ಅವರ ಗುಜರಿ ಐತಿ. ಹಳೇವು ಎರಡು ಸರಿ ಅದಾವ, ಇನ್ನೆರಡು ಕಬ್ಬಿಣದ ರಿಮ್ ಹುಡುಕ್ಯಾಡಿ ತರ್ರಿ. ಕಾರು ಇಲ್ಲೇ ಇರಲಿ, ಬಸ್ಸಿಗೆ ಹೋಗ್ರಿ. ಅಳತಿ ಮಾತ್ರ ನೀವ ಮಾಡಬೇಕು,” ಎಂದು ದಿಲನಾಜ ಆತನ ಕೈಗೇ ಪಟ್ಟಿ ಕೊಟ್ಟು ಮೂರು ಸಲ ಅಳೆಯಿಸಿದಳು. ಎರಡನೆಯ ಸಲ ಸ್ಕೇಲು ವಾರೆಯಾಗಿದ್ದನ್ನು ಬೆರಳಿನಿಂದ ತಿದ್ದಿದಳು.

ಮರುದಿನ ಗುಜರಿಯಲ್ಲಿ ಹನೀಫ್ ಒಂದು ರಿಮ್ ಉರುಳಿಸಿ ಕೊಟ್ಟರು. “ತೂತು ಎಣಸ್ರಿ, ನಾಲ್ಕಕ್ಕ ನಾಲ್ಕು.”

ಚಂದ್ರಪ್ಪ ಪಟ್ಟಿಯಿಟ್ಟು ಅಳೆದ. ನೂರಾ ಹದಿನೈದು. ಬೇಕಾದದ್ದು ನೂರಾ ಇಪ್ಪತ್ತೇಳು.

“ಒಂದ್ ಬೆರಳು ಫರಕ್ಕಿಗೆ ಏನಾಗತೈತ್ರಿ?” ಅಂದರು ಹನೀಫ್.

ಚಂದ್ರಪ್ಪ ನೆಲದ ಮೇಲೆ ಕೂತು, ದಿಲನಾಜ ಹೇಳಿದ್ದನ್ನೆಲ್ಲ ತಾನೇ ಬಲ್ಲವನಂತೆ ಹೇಳಿದ. ಹೇಳುತ್ತ ಹೇಳುತ್ತ ಅದು ನಿಜಕ್ಕೂ ತನಗೆ ತಿಳಿದಿದೆ ಅನ್ನಿಸಿತು. ಕೇಳಿದ ಹನೀಫ್ ತಾವೇ ರಾಶಿಗೆ ಕೈಹಾಕಿದರು. ಏಳನೆಯದು ಸರಿ ಬಂತು. ಅದರ ಜೋಡಿ ಸಿಗುವಷ್ಟರಲ್ಲಿ ಇಬ್ಬರ ಅಂಗಿಯೂ ತುಕ್ಕಿನ ಬಣ್ಣವಾಗಿತ್ತು.

ಸಂಜೆ ದಿಲನಾಜ ಆ ಎರಡನ್ನೂ ಮತ್ತೆ ತಾನೇ ಅಳೆದಳು. ಚಂದ್ರಪ್ಪನಿಗೆ ಬೇಸರವಾಗಲಿಲ್ಲ. ತಾನೇ ಅಳೆಯದೆ ನಂಬುವ ಕೈ ಅದಲ್ಲ ಎಂದು ಆತನಿಗೆ ಗೊತ್ತಾಗಿತ್ತು. ಗಾಲಿಗಳನ್ನು ಕೂರಿಸಿದ ಮೇಲೆ ಆಕೆ ಅಲ್ಲಿದ್ದ ಮೂವರು ಗಿರಾಕಿಗಳನ್ನು ಹಿಂದೆ ಕೂರಿಸಿ, ಸ್ಟೇರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸುತ್ತ ಅಂಗಳ ಸುತ್ತಿದಳು. ಎಲ್ಲೂ ತಾಗಲಿಲ್ಲ.

“ನಲವತ್ತು ವರ್ಷ ನಾ ಕಣ್ಣಳತಿ ಮ್ಯಾಲ ದುಡದೇನಿ,” ಅಂದರು ಯೂಸುಫಸಾಬ. “ಇಕಿ ಅಳೀದ ಒಂದ್ ಬೋಲ್ಟೂ ಮುಟ್ಟೂದಿಲ್ಲ.”

ದಿಲನಾಜ ಕೇಳಿಸದವಳಂತೆ ಅಲಾಯ್ ವೀಲ್‌ಗಳನ್ನು ತಿರುವಿ, ಒಂದೊಂದರ ಒಳಮೈಗೂ ಬಿಳಿ ಬಣ್ಣದಲ್ಲಿ ಅಗಲ, ಆಫ್‌ಸೆಟ್, ಬ್ಯಾಕ್‌ಸ್ಪೇಸ್ ಬರೆದಳು.

“ಮಾರೂ ಮುಂದ ಇದನ್ನ ತೋರಿಸ್ರಿ. ಯಾರ ಗಾಡಿಗೆ ಕೂಡತೈತೋ ಅವರು ಒಯ್ಯಲಿ.”

ಚಂದ್ರಪ್ಪ ಬಣ್ಣ ಒಣಗುವವರೆಗೂ ಅಲ್ಲೇ ನಿಂತ.