ಲಾಳದ ಉಂಗುರ

ತಟ್ಟೆಯ ಪಕ್ಕ ಬಿದ್ದಿದ್ದ ಸೀರೆ ಪಿನ್ನು ಟಕ್ಕನೆ ಕೈಲಾಸನ ಬೆರಳಿಗೆ ಅಂಟಿಕೊಂಡಿತು. ಕೊಡವಿದ. ಬೀಳಲಿಲ್ಲ. ಬೆರಳಿಗಲ್ಲ, ಬೆರಳಲ್ಲಿದ್ದ ಕುದುರೆ ಲಾಳದ ಉಂಗುರಕ್ಕೆ ಅಂಟಿತ್ತು.

"ಅಮ್ಮಾ, ಈ ಉಂಗುರ ಎಲ್ಲಿ ತಗೊಂಡೆ?"

"ಬನಶಂಕರಿ ದೇವಸ್ಥಾನದ ಮುಂದೆ ಕಣೋ. ಅಪ್ಪಟ ಕಬ್ಬಿಣ ನೋಡಕ್ಕಾ ಅಂತ ಮಾರೋನು ಅಯಸ್ಕಾಂತಕ್ಕೆ ಉಜ್ಜಿ ಉಜ್ಜಿ ತೋರಿಸ್ದ. ತಿನ್ನು, ಇಡ್ಲಿ ಆರೋಗುತ್ತೆ."

ಉಜ್ಜಿ ಉಜ್ಜಿ ಉಂಗುರವೇ ಅಯಸ್ಕಾಂತ ಆಗಿಬಿಟ್ಟಿದೆ ಅಂತ ಹೊಳೆದು ಕೈಲಾಸ ತಟ್ಟೆ ಸರಿಸಿದ.

ಹೋದ ತಿಂಗಳು ಟಾರ್ಚನ್ನು ವಿಮಾನದ ಸೀಟಿನಡಿ ಮರೆತು ಬಂದಿದ್ದಕ್ಕೆ, ಅವನು ಮೆಕ್ಯಾನಿಕ್ ಆಗಿದ್ದ ಫ್ಲೈಯಿಂಗ್ ಸ್ಕೂಲಿನ ಇಂಜಿನಿಯರ್ ಪರಮಶಿವಯ್ಯ, "ಇನ್ನೊಂದು ತಪ್ಪಾದ್ರೆ ಮನೇಲೇ ಇರು," ಅಂದಿದ್ದರು. ಕೆಲಸ ಉಳಿಯಲಿ, ಶನಿ ಕಾಟ ಕಳೆಯಲಿ ಅಂತ ಅಮ್ಮ ಉಮಾಮಹೇಶ್ವರಿ ಶನಿವಾರ ತಾನೇ ಉಂಗುರ ತೊಡಿಸಿದ್ದಳು. ನಿನ್ನೆ ಸಂಜೆ ಎರಡು ಸೀಟಿನ ವಿಮಾನದ ದಿಕ್ಸೂಚಿ ಸರಿಮಾಡುವಾಗ ಕೈಲಾಸ ವಾಚು, ಫೋನು, ಬೆಲ್ಟು ಎಲ್ಲ ಹೊರಗಿಟ್ಟಿದ್ದ. ಕಬ್ಬಿಣ ಹತ್ತಿರ ಬಂದರೆ ದಿಕ್ಸೂಚಿ ಸುಳ್ಳು ಹೇಳುತ್ತೆ ಅಂತ ಸ್ಕ್ರೂ ತಿರುಗಿಸಿದ್ದು ಕೂಡ ಹಿತ್ತಾಳೆ ಸ್ಕ್ರೂಡ್ರೈವರಿನಲ್ಲಿ. ಅದನ್ನು ಹಿಡಿದ ಬೆರಳಲ್ಲೇ ಉಂಗುರ. ದೇವರ ಹೆಸರಲ್ಲಿ ತೊಟ್ಟಿದ್ದು. ಅದೂ ಕಬ್ಬಿಣ ಅನ್ನೋದೇ ಹೊಳೆದಿರಲಿಲ್ಲ. ಉಂಗುರ ಎಳೆದ ಮುಳ್ಳನ್ನೇ ನಂಬಿ ಸ್ಕ್ರೂ ಕೂರಿಸಿ, 'ಸರಿಯಿದೆ' ಅಂತ ಸಹಿ ಹಾಕಿ ಬಂದಿದ್ದ.

ಏಳೂ ನಲವತ್ತು. ಎಂಟಕ್ಕೆ, ಹಾರಾಟ ಕಲಿಯುತ್ತಿರುವ ಅರ್ಪಿತ ಆ ವಿಮಾನದಲ್ಲಿ ಮೊದಲ ಸಲ ಒಬ್ಬಳೇ ದೂರ ಹೋಗಬೇಕು. ಜಯನಗರದಿಂದ ಕೋಡುಬಳೆ ಡಬ್ಬಿ ತಂದು, "ಕೈಲಾಸಣ್ಣಾ, ನಿಮ್ಗೆ ಖಾರದ್ದು," ಅನ್ನುವ ಹುಡುಗಿ. ಕಿಟಕಿಯಾಚೆ ಅಂಜನಾಪುರದ ಕೆರೆ ದಿಕ್ಕೆಲ್ಲ ಮಂಜು. ರನ್‌ವೇ ದಿಕ್ಕಿಗೆ ಮುಳ್ಳು ಸರಿಯಾಗೇ ತೋರಿಸಬಹುದು. ಮೇಲೆ ಹೋಗಿ ಬೇರೆ ದಿಕ್ಕಿಗೆ ತಿರುಗಿದ ಮೇಲೆ? ನೆಲ ಕಾಣದೆ, ಪೆಟ್ರೋಲು ಮುಗಿಯುವವರೆಗೂ ಅವಳು ಅದನ್ನೇ ನಂಬಿ ಹೋಗುತ್ತಾಳೆ.

ಪರಮಶಿವಯ್ಯನವರ ಫೋನು ಸ್ವಿಚ್ಡ್ ಆಫ್. ಅರ್ಪಿತಳದ್ದೂ. ಆಫೀಸಿನಲ್ಲಿ ರಿಂಗ್ ಆಗಿ ಆಗಿ ನಿಂತಿತು. ಮೂರು ಸಲ. ಕೊನೆಗೆ ಗೇಟಿನ ಕಾವಲುಗಾರ ಭೀಮಪ್ಪ ತನ್ನ ಮೊಬೈಲ್ ಎತ್ತಿದ.

"ಹೇಳ್ರೀ ಸರ, ಚಾ ಆತೇನ್ರೀ?"

"ಭೀಮಪ್ಪಾ, ಅರ್ಪಿತ ಮೇಡಂ ಹೋದ್ರಾ?"

"ಇಲ್ರೀ, ಇಂಜಿನ್ ಚಾಲೂ ಆಗೇತಿ. ಫ್ಯಾನ್ ತಿರಗಾಕ ಹತ್ತೇತಿ ನೋಡ್ರೀ."

"ನಿಲ್ಲಿಸು! ಓಡೋಗು, ಮುಂದೆ ನಿಂತು ಕೈ ಬೀಸು!"

"ಗೇಟ್ ಬಿಟ್ಟು ಹೋದ್ರ ನನ್ನ ನೌಕರಿ ಹೊಕ್ಕೇತ್ರೀ ಸರ."

"ನಂದು ಹೋಗಾಯ್ತು ಕಣೋ! ನಿನ್ ಕಾಲಿಗ್ ಬೀಳ್ತೀನಿ, ಓಡು ಮಾರಾಯಾ!"

ಆ ಕಡೆ ಬೂಟಿನ ಸದ್ದು. ಏದುಸಿರು. ಸೀಟಿ, ಮತ್ತೆ ಸೀಟಿ. ಇಂಜಿನ್ನಿನ ಮೊರೆತ ಸೀಟಿಯನ್ನು ನುಂಗಿತು. ಕೈಲಾಸ ಗೋಡೆಗೆ ಹಣೆ ಒತ್ತಿ ನಿಂತ. "ನಿಲ್ಸಮ್ಮಾ, ನಿಲ್ಸು ತಾಯೀ," ಅನ್ನುತ್ತಲೇ ಇದ್ದ. ಯಾರಿಗೆ ಅಂತ ಅವನಿಗೂ ಗೊತ್ತಿರಲಿಲ್ಲ.

ಮೊರೆತ ಕೆಮ್ಮಿದಂತಾಗಿ ನಿಂತಿತು.

ಫೋನಿನಲ್ಲಿ ಪರಮಶಿವಯ್ಯನವರ ದನಿ: "ಯಾರದು? ಏನಯ್ಯಾ ಇದು, ಹುಚ್ಚಾಟ?"

"ಸಾರ್, ನಾನು ಕೈಲಾಸ್. ನಿನ್ನೆ ಸಹಿ ಹಾಕಿದ್ದು ತಪ್ಪು ಸಾರ್. ಆ ದಿಕ್ಸೂಚಿ ನಂಬಬೇಡಿ."

ಫೋನನ್ನು ಕಿವಿಗೆ ಹಿಡಿದೇ ಕೈಲಾಸ ನೆಲದ ಮೇಲೆ ಕೂತ.

ಉಮಾಮಹೇಶ್ವರಿ ಅಡುಗೆಮನೆಯಿಂದ ಸೋಪು ತಂದಳು. ಮಗನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಂಗುರ ತಿರುಗಿಸತೊಡಗಿದಳು. ಗೆಣ್ಣು ದಾಟುತ್ತಿಲ್ಲ. ನೊರೆಯೊಳಗೆ ಪಿನ್ನು ಇನ್ನೂ ಅಂಟಿಕೊಂಡೇ ಇತ್ತು.