ಚಾವಣಿಯಕ್ಕನ ಅಂಜಿಕೆ

ನೆಲದ ಮೇಲೆ ನಡೆಯುವಾಗಲೂ ಆಕೆ ಮೊದಲು ಹಿಮ್ಮಡಿಯೂರಿ, ಭಾರವನ್ನು ಅರೆಕ್ಷಣ ತಡೆದು, ಆಮೇಲಷ್ಟೇ ಪಾದವನ್ನು ಪೂರ್ತಿ ಇಳಿಸುತ್ತಿದ್ದಳು. ಮೂವತ್ತು ವರ್ಷ ಸಮತಟ್ಟು ತಾರಸಿಗಳಿಗೆ ನೀರು ಸೋರದಂತೆ ಡಾಂಬರಿನ ಹಾಸು ಹೊದಿಸಿದವಳಿಗೆ ಭೂಮಿಯ ಮೇಲೂ ಪೂರ್ಣ ವಿಶ್ವಾಸವಿರಲಿಲ್ಲ. ಬಲ್ಲವರೆಲ್ಲ ಚಾವಣಿಯಕ್ಕ ಎನ್ನುತ್ತಿದ್ದರು. ಮೊಣಕೈಯಲ್ಲಿ ಡಾಂಬರು ಹೆಪ್ಪುಗಟ್ಟಿದ ಗಂಡನ ಹಳೆಯ ಕೋಟು, ಪ್ರತಿ ಮಾತಿಗೂ ಮುಂಚೆ "ತಡಿ, ನೋಡೋಣ" ಎಂಬ ಪಲ್ಲವಿ. ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಕಾಂಕ್ರೀಟು ಉಸಿರಾಡುವ ಪ್ರಾಣಿಯೆಂದೂ, ಹೊದಿಕೆ ಆ ಉಸಿರಿಗೆ ತಕ್ಕಂತೆ ಜಗ್ಗಬೇಕೆಂದೂ ಆಕೆಯ ಸಿದ್ಧಾಂತ.

ಆ ಮಳೆಗಾಲ, ನಾದಿನಿ ದುಡಿಯುತ್ತಿದ್ದ ಹೊಲಿಗೆ ಕಾರ್ಖಾನೆಯ ತಾರಸಿ ಮೂರನೆಯ ಸಲ ಸೋರಿತು. ಹತ್ತಿ ನೋಡಿದರೆ, ತಾನೇ ಮುಚ್ಚಿದ್ದ ಬಿರುಕು ಹೊಸ ಹಾಸನ್ನೂ ಹರಿದು ಅದೇ ಗೆರೆಯಲ್ಲಿ ಬಾಯ್ದೆರೆದಿತ್ತು. ಮಾಲೀಕ ಎರಡು ವರ್ಷದ ಹಿಂದೆ ಕೂರಿಸಿದ ನೀರಿನ ತೊಟ್ಟಿಯ ಪಕ್ಕ ತಾರಸಿ ತಗ್ಗಿ, ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಂತಿತ್ತು. ಬಿಸಿಲು ಸೀಳಿದ ಬಿರುಕು ಬಲೆಯಂತೆ ಹರಡುತ್ತದೆ, ಭಾರ ಸೀಳಿದ್ದು ಒಂದೇ ದಾರಿ ಹಿಡಿಯುತ್ತದೆ. ಈ ಬಿರುಕು ಕೊಟ್ಟ ಎಚ್ಚರಿಕೆಯ ಮೇಲೇ ಎರಡು ವರ್ಷ ಡಾಂಬರು ಬಳಿದೆನಲ್ಲ ಎಂದುಕೊಂಡು ಆಕೆ ಕೆಳಗಿಳಿದು ಮಾಲೀಕನಿಗೆ ಹೇಳಿದಳು.

ಮಾಲೀಕ ಇನ್ನೊಂದು ಪದರ ಬಳಿದುಬಿಡು ಎಂದ. ಎಂಜಿನಿಯರನ್ನು ಕರೆಸಿ ಎಂದರೆ, ಮಳೆ ನಿಲ್ಲಲಿ ಎಂದ. ಕೆಳಗೆ ನಲವತ್ತು ಹೆಂಗಸರು ತಲೆತಗ್ಗಿಸಿ ಹೊಲಿಯುತ್ತಿದ್ದರು. ತನ್ನ ಮಾತು ಸುಳ್ಳಾದರೆ ಊರಿನಲ್ಲಿ ಯಾರೂ ಕೆಲಸ ಕೊಡರು. ನಿಜವಾದರೆ ಏನೆಂದು ಯೋಚಿಸಲಾರದೆ ಆಕೆ ಮುಖ್ಯ ಸ್ವಿಚ್ಚು ಇಳಿಸಿದಳು. ಯಂತ್ರಗಳು ನಿಂತ ನಿಶ್ಶಬ್ದದಲ್ಲಿ ನಾದಿನಿ, "ಅತ್ತಿಗೆ, ಇದೇನ್ ಮಾಡಿದ್ರಿ?" ಎಂದಳು.

"ನಂಗೆ ಭಯ ಆಗ್ತಿದೆ. ಎಲ್ಲರೂ ಹೊರಗೆ ನಡೀರಿ."

ತರ್ಕ ಹೇಳಿದ್ದರೆ ವಾದಿಸುತ್ತಿದ್ದರೇನೋ. ಆ ಮುಖ ನೋಡಿ ಎದ್ದರು. ಮಳೆಯಲ್ಲಿ ಗಂಟೆಗಟ್ಟಲೆ ನಿಂತರು, ಏನೂ ಆಗಲಿಲ್ಲ. ಗೊಣಗಾಟ ಗೇಲಿಗೆ ತಿರುಗಿ, ಕೆಲವರು ಒಳಗೆ ಹೊರಟಾಗ ಆಕೆ ಹೊಸ್ತಿಲಿಗೆ ಅಡ್ಡವಾಗಿ ಕುಳಿತುಬಿಟ್ಟಳು. ಅವಳ ಬಾಯಿ ಮುಚ್ಚಿಸಲೆಂದೇ ಮಾಲೀಕ ಸಂಜೆ ಎಂಜಿನಿಯರನ್ನು ಕರೆಸಿದ. ಆತ ನಡುತೊಲೆಯ ಗಿಲಾವು ಕೆತ್ತಿದಾಗ ಒಳಗಿನ ಕಂಬಿ ತುಕ್ಕು ತಿಂದು ಬೆರಳಿಗೆ ಪುಡಿಪುಡಿಯಾಗಿ ಬಂತು. ಆತ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕಿಸಿದ. ಐದನೆಯ ದಿನ ಚಾವಣಿ ಖಾಲಿ ಮೇಜುಗಳ ಮೇಲೆ ಕುಸಿಯಿತು.

ಹೊಗಳಲು ಹೋದವರಿಗೆ ಕಂಡದ್ದು, ಮೂವತ್ತು ವರ್ಷಗಳಲ್ಲಿ ತಾನು ಮುಚ್ಚಿದ ತಾರಸಿಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತ ಬಿಳಿಚಿಕೊಂಡು ಕುಳಿತ ಹೆಂಗಸು. ಇಂಥವರ ಸ್ವಭಾವವೇ ಹಾಗೆ: ಅನುಭವ ಬೆಳೆದಷ್ಟೂ ಅಂಜಿಕೆ ಬೆಳೆಯುತ್ತದೆ, ತಮ್ಮ ಮಾತು ನಿಜವಾದ ದಿನ ಅದು ಇಮ್ಮಡಿಸುತ್ತದೆ. ಉಳಿದ ನಾವು ತಲೆಯೆತ್ತಿಯೂ ನೋಡದೆ ಸೂರಿನಡಿ ಬಾಳುವುದು, ನಮ್ಮ ಪಾಲಿನ ಭಯವನ್ನೂ ಅವರೇ ಹೊತ್ತಿರುವುದರಿಂದ.