ಕೊಳವೆಯ ಬಾಗಿನಲ್ಲೊಂದು ಗುಳ್ಳೆ

ರಸಮಟ್ಟದ ಗಾಜಿನಲ್ಲಿ ಗುಳ್ಳೆ ಎಡಕ್ಕೆ ಸರಿಯಿತು, ಇನ್ನೊಂದು ಚೂರು, ಸಾಕು, ಹಾಂ, ಎರಡು ಗೆರೆಗಳ ನಡುವೆ ಬಂದು ಕೂತಿತು, ಹಸಿರು ನೀರಿನೊಳಗೆ ಹೆಸರುಕಾಳಿನಷ್ಟು ಗಾಳಿ, ಗೋಡೆಗೆ ಹೊಡೆದ ಹಲಗೆ ನೆಟ್ಟಗಿದೆ ಎಂದು ಅದೇ ಹೇಳಬೇಕು, ಗ್ಲೆನಿಸ್ ತನ್ನ ಕಣ್ಣನ್ನು ನಂಬುವ ವಯಸ್ಸು ದಾಟಿದ್ದಾಳೆ — ಈ ರಸಮಟ್ಟ ಗಂಡನದು, ಮರ್ವ್ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿ ಸೇರಿದ ವರ್ಷ ಕೊಂಡದ್ದು, ಹಡಗುಕಟ್ಟೆ ಮುಚ್ಚಿತು, ಆಮೇಲೆ ಸೇರಿದ ಉಕ್ಕಿನ ಕಾರ್ಖಾನೆಯಿಂದಲೂ ನಿವೃತ್ತನಾದ, ಗುಳ್ಳೆ ಮಾತ್ರ ಇನ್ನೂ ಕೆಲಸದಲ್ಲಿದೆ, ಕಳೆದ ವರ್ಷ ಒಂದು ಬೆಳಿಗ್ಗೆ ಅವನು ಇದನ್ನು ಅಂಗೈ ಮೇಲಿಟ್ಟುಕೊಂಡು ಇದೇ ಶೆಡ್ಡಿನಲ್ಲಿ ನಿಂತಿದ್ದ, ಗುಳ್ಳೆ ಆಚೆ ಈಚೆ, ಆಚೆ ಈಚೆ, ಕೈ ನಡುಗುತ್ತಿದೆ ಎಂದು ಅದು ಅವನಿಗಿಂತ ಮೊದಲು ಒಪ್ಪಿಕೊಂಡಿತು, ಡಾಕ್ಟರು ಆಮೇಲೆ ಅದಕ್ಕೊಂದು ಉದ್ದ ಹೆಸರು ಹೇಳಿದರು, ಆ ಹೆಸರನ್ನು ಮರ್ವ್ ಇವತ್ತಿನವರೆಗೂ ಬಾಯಲ್ಲಿ ಆಡಿಲ್ಲ, ಕೈಗೆ ಸ್ವಲ್ಪ ಚಳಿ ಅಷ್ಟೇ ಅಂದುಬಿಡುತ್ತಾನೆ, ಆಸ್ಟ್ರೇಲಿಯಾದ ಈ ವೈಯಾಲಾ ಊರಿನ ಬಿಸಿಲಿನಲ್ಲಿ ಚಳಿ.

ಅಂಗಳದಾಚೆ ವರಾಂಡದಲ್ಲಿ ರೇಡಿಯೋ, ಶನಿವಾರದ ಫುಟ್‌ಬಾಲ್, ಅವನು ಅಲ್ಲೇ ಕುರ್ಚಿಯಲ್ಲಿ, ಶೆಡ್ಡಿನ ಕಡೆ ಬೆನ್ನು ಹಾಕಿ — ಆಗಸ್ಟಿನಿಂದ ಅವನ ಬೆನ್ನು ಹಾಗೇ ಇದೆ, ಆವತ್ತು ಬಿಯರಿಗೆಂದು ಬಿಸಿನೀರಲ್ಲಿ ಬಾರ್ಲಿ ನೆನೆಸಿ ತೆಗೆದ ಸುಡುವ ಸಿಹಿ ರಸವನ್ನು ಬಕೆಟ್ಟಿನಲ್ಲಿ ಎತ್ತಿ ಮೇಲಿನ ಹಂಡೆಗೆ ಸುರಿಯಲು ಹೋಗಿ ಎಡಪಾದದ ಮೇಲೆಲ್ಲ ಚೆಲ್ಲಿಕೊಂಡ, ಚರ್ಮ ಟೊಮೇಟೊ ಸಿಪ್ಪೆಯ ಹಾಗೆ ಎದ್ದಿತು, ಅವನು ಕೂಗಲಿಲ್ಲ, ಛೆ ಒಳ್ಳೇ ರಸ ಹಾಳಾಯ್ತಲ್ಲೇ ಅಂದ, ಪಾದ ವಾಸಿಯಾಯಿತು, ಶೆಡ್ಡಿಗೆ ಮಾತ್ರ ಕಾಲಿಡಲಿಲ್ಲ, ಎಲ್ಲಾ ಯೋಸಿಪ್‌ಗೆ ಕೊಟ್ಬಿಡು, ಒಂದು ಮೊಳೆನೂ ಇಟ್ಕೋಬೇಡ, ಅಂದ. ಅವನಿಗೆ ಬಿಯರ್ ಕುಡಿಯುವುದಕ್ಕಿಂತ ಅದನ್ನು ಮಾಡುವ ಸಾಮಾನು ಮಾಡುವುದೇ ಹೆಚ್ಚು, ಪೀಪಾಯಿಯ ತಲೆ ಕೊಯ್ದು ಹಂಡೆ ಮಾಡಿದ, ಮೀನಿನ ಐಸ್‌ಪೆಟ್ಟಿಗೆಗೆ ನಲ್ಲಿ ಕೂರಿಸಿ ಬಾರ್ಲಿ ನೆನೆಹಾಕುವ ಪೆಟ್ಟಿಗೆ ಮಾಡಿದ, ಐಸನ್ನು ತಣ್ಣಗಿಡುವುದು ಬಿಸಿಯನ್ನೂ ಬಿಸಿಯಾಗೇ ಇಡುತ್ತದೆ ಕಣೇ, ಅದಕ್ಕೆ ಎರಡೂ ಒಂದೇ, ಎಂದು ಕಣ್ಣರಳಿಸಿ ಹೇಳಿದ್ದ, ಹೊಟ್ಟು ಸೋಸಲು ಉಕ್ಕಿನ ಜಾಲರಿ ಬೇಕೆಂದು ಬಟ್ಟೆ ಒಗೆಯುವ ಯಂತ್ರದ ಕೊಳವೆಯನ್ನೇ ಸುಲಿದ, ಎರಡು ವಾರ ಅವಳು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಬಟ್ಟೆ ಒಗೆದಳು, ಬೈದಳು, ಬೈಯುತ್ತಲೇ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಎಷ್ಟು ಸಣ್ಣ ನೇಯ್ಗೆ, ಇದರೊಳಗಿಂದ ಒಂದು ಹೊಟ್ಟೂ ನುಸುಳುವುದಿಲ್ಲವೇ?

ನಾಳೆ ಭಾನುವಾರ, ಯೋಸಿಪ್ ಗಾಡಿ ತಂದು ಇದೆಲ್ಲವನ್ನೂ ಒಯ್ಯಬೇಕು — ಪಕ್ಕದ ಮನೆಯ ಯೋಸಿಪ್, ಮೂರು ಭಾನುವಾರದಿಂದ ಅವನ ಗಾಡಿಯ ಟೈರು ಪಂಕ್ಚರು, ಕ್ಷಮಿಸಿ ಗ್ಲೆನಿಸ್, ಈ ಊರಲ್ಲಿ ಎಲ್ನೋಡಿದ್ರೂ ಮೊಳೆ, ಅನ್ನುತ್ತಾನೆ ಮುಖ ಗಂಭೀರ ಮಾಡಿ, ಪಂಕ್ಚರಾದ ಗಾಡಿ ಬುಧವಾರ ಏಡಿ ಬಲೆ ಹೇರಿಕೊಂಡು ಕಡಲ ಕಡೆ ಹೋದದ್ದನ್ನು ಅವಳು ಅಡುಗೆಮನೆ ಕಿಟಕಿಯಿಂದ ನೋಡಿದ್ದಾಳೆ, ಅವನಿಗೆ ಗೊತ್ತಾಗದಿರಲಿ ಎಂದು ಪರದೆ ಎಳೆದುಕೊಂಡಳು, ಈಗ ಹಲಗೆಯ ಮೇಲಿರುವ ಈ ಪಂಪನ್ನೂ ಅವನೇ ತಂದುಕೊಟ್ಟ, ಮನೇಲಿ ಸುಮ್ನೆ ಬಿದ್ದಿತ್ತು ಅಂದ, ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆದ ಗುರುತು ಇನ್ನೂ ಅಂಟಂಟು. ಆದರೆ ಈ ಸಲ ಮರ್ವ್ ಅಂದಿದ್ದಾನೆ, ನಾಳೆನೂ ಅವನು ಬರ್ಲಿಲ್ಲ ಅಂದ್ರೆ ಗುಜರಿಯವನನ್ನ ಕರೀತೀನಿ. ಅಂದರೆ ಇವತ್ತೊಂದು ದಿನ, ಇಷ್ಟೇ, ಪಂಪು ರಸವನ್ನು ತಾನೇ ಮೇಲೆತ್ತಿದರೆ ಬಕೆಟ್ಟು ಬೇಡ, ಬಕೆಟ್ಟು ಬೇಡವಾದರೆ ನಡುಗುವ ಕೈ ಗುಂಡಿ ಒತ್ತಿದರೆ ಸಾಕು, ಗುಂಡಿ ಒತ್ತಲು ಎಂಥ ಕೈಯಾದರೂ ಆದೀತು, ಬಗ್ಗಿದರೆ ಅವನಿಗೆ ತಲೆಸುತ್ತು, ಅದಕ್ಕೇ ಪಂಪನ್ನು ಅವನ ಎದೆಮಟ್ಟದ ಈ ಹಲಗೆಗೆ ತಿರುಪು ಹಾಕಿ ಕೂರಿಸಿದ್ದಾಳೆ, ಇಪ್ಪತ್ತೆರಡು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಗಾಜು ಜೋಡಿಸಿಕೊಟ್ಟವಳಿಗೆ ಒಂದು ಪಂಪು ಯಾವ ಲೆಕ್ಕ, ಮೊದಲು ತಣ್ಣೀರಿನಲ್ಲಿ ಪರೀಕ್ಷೆ, ಅದು ಅವಳ ಹಳೇ ಶಿಸ್ತು, ಮೊಣಕಾಲೆತ್ತರದ ಪೆಟ್ಟಿಗೆಯಲ್ಲಿ ನೀರಿದೆ, ನಲ್ಲಿಯಿಂದ ಒಳಗಿನದು ಕಾಣುವ ಹಾಲುಬಿಳುಪಿನ ಕೊಳವೆ ಮೇಲೆ ಪಂಪಿಗೆ, ಅಲ್ಲಿಂದ ಇನ್ನೊಂದು ಕೊಳವೆ ಹಂಡೆಗೆ, ನಲ್ಲಿ ತಿರುಗಿಸು, ಗುಂಡಿ ಒತ್ತು —

ಗೊರ್ರ್ ಎಂದಿತು, ನೀರು ಕೊಳವೆಯಲ್ಲಿ ಒಂದು ಗೇಣು ಏರಿ ನಿಂತಿತು, ಅದರ ಮೇಲೆಲ್ಲ ಬರೀ ಗಾಳಿ, ಯಾಕೆ, ನಲ್ಲಿ ತೆರೆದಿದೆ, ಕೊಳವೆ ಮಡಚಿಲ್ಲ, ಮತ್ತೆ ಯಾಕೆ, ನೀರು ಪೆಟ್ಟಿಗೆಯೊಳಗೆ ಎಷ್ಟು ಎತ್ತರಕ್ಕಿದೆಯೋ ಕೊಳವೆಯಲ್ಲೂ ಅಷ್ಟೇ ಎತ್ತರಕ್ಕೆ ನಿಂತಿದೆಯಲ್ಲ, ಚಂದ, ನೋಡಲು ಚಂದವೇ, ಪಂಪಿನ ಸದ್ದು ಸಣ್ಣಗಾಗುತ್ತ ಕೀರಲಾಗುತ್ತಿದೆ, ಮುಟ್ಟಿದರೆ ಬೆಚ್ಚಗೆ, ಮತ್ತೇನೋ ಒಂದು ನಿಂತುಹೋದ ಹಾಗಿದೆ, ಏನದು, ರೇಡಿಯೋ, ಫುಟ್‌ಬಾಲ್ ಇನ್ನೂ ಮುಗಿದಿಲ್ಲ, ರೇಡಿಯೋ ನಿಂತಿದೆ, ಜಲ್ಲಿಯ ಮೇಲೆ ಚಪ್ಪಲಿ ಎಳೆಯುವ ಸದ್ದು, ಆರಿಸೇ, ಆರ್ಸು ಅದನ್ನ, ಒಣಗಿ ಓಡ್ತಿದೆ, ಸುಟ್ಟುಹೋಗತ್ತೆ, ಕಿವಿ ಏನು ಕೇಳಲ್ವಾ ನಿಂಗೆ?

ಅವಳು ಆರಿಸಿದಳು, ಮರ್ವ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾನೆ, ಎಂಟು ತಿಂಗಳಾದ ಮೇಲೆ, ಒಂದು ಕಾಲು ಒಳಗೆ ಒಂದು ಹೊರಗೆ, ಯಾವ ಪುಣ್ಯಾತ್ಮ ಪಂಪನ್ನ ಅಟ್ಟದ ಮೇಲೆ ಕೂರಿಸಿದ್ದು, ಅದಕ್ಕೆ ಹೀರೋಕೆ ಬರಲ್ಲ ಕಣೇ, ತಳ್ಳೋಕಷ್ಟೇ ಬರೋದು, ನೀರು ತಾನಾಗಿ ಬಂದು ಅದರ ಹೊಟ್ಟೆ ತುಂಬ್ಬೇಕು, ಸೈನ್ಸ್ ಪಾಠದೋಳು ಅಂತ ಹೆಸರು ಬೇರೆ — ಪಾಠ ನಾನೆಲ್ಲಿ ಮಾಡ್ದೆ, ಬಾಟಲಿ ತೊಳೀತಿದ್ದೆ, ಅಂದಳು, ನಾನೇ ಕೂರಿಸಿದ್ದು, ನೀನು ಬಗ್ಗೋದು ಬೇಡ ಅಂತ. ಅವನು ಹಲಗೆ ನೋಡಿದ, ತನ್ನ ಎದೆ ನೋಡಿಕೊಂಡ, ಹಲಗೆಯ ಮೇಲಿನ ರಸಮಟ್ಟ ನೋಡಿದ, ಗುಳ್ಳೆ ಅಲ್ಲಾಡದೆ ನಡುವೆಯೇ ಕೂತಿದೆ, ಹಲಗೆಯೇನೋ ನೆಟ್ಟಗೇ ಹೊಡ್ದಿದೀಯ, ಅಂದ, ದನಿ ಇಳಿದಿತ್ತು, ಹೊರಗಿದ್ದ ಕಾಲೂ ಒಳಗೆ ಬಂತು.

ತಿರುಪು ಬಿಚ್ಚಿದ್ದು ಅವಳು, ಎಡಕ್ಕೆ ಎಡಕ್ಕೆ ಎಂದದ್ದು ಅವನು, ಪಂಪು ನೆಲಕ್ಕೆ ಬಂತು, ಅದರ ವೈರನ್ನು ಎಳೆದು ಗುಂಡಿಯನ್ನು ಮಾತ್ರ ಹಲಗೆಯ ಮೇಲೇ ಬಿಟ್ಟರು, ಅದು ಯಾಕೆ ಅವಳಿಗೆ ಹೊಳೆಯಲಿಲ್ಲ, ಪಂಪು ಕೆಳಗೆ, ಗುಂಡಿ ಮೇಲೆ, ಎರಡೂ ಒಂದೇ ಕಡೆ ಇರಬೇಕೆಂದು ಯಾರು ಹೇಳಿದ್ದರು? ನಲ್ಲಿ ತೆರೆದಳು, ಗುಂಡಿ ಅವನು ಒತ್ತಿದ, ಬೆರಳು ಎರಡು ಸಲ ಜಾರಿತು, ಮೂರನೇ ಸಲ ಕೂತಿತು, ಅವಳು ಕಿಟಕಿಯಾಚೆ ನೋಡುತ್ತಿದ್ದಳು, ಗೊರ್ರ್, ನೀರು ಇಳಿಯಿತು, ಇಳಿದು ನಿಂತಿತು, ಕೊಳವೆ ಡುಬ್ಬವಾಗಿ ಬಾಗಿದ ಕಡೆ ಒಂದು ಗುಳ್ಳೆ, ದ್ರಾಕ್ಷಿಯಷ್ಟು, ಅಲ್ಲೇ ಒತ್ತಿಕೊಂಡು ಕೂತಿದೆ, ಅದರ ಹಿಂದೆ ನೀರೆಲ್ಲ ಕಾಯುತ್ತಿದೆ, ಅವನು ಆರಿಸಿದ, ಅವಳು ಬೆರಳಿನಿಂದ ತಟ್ಟಿದಳು, ಗಾಜಿನ ಕೊಳವೆಯ ಮೂತಿಯಲ್ಲಿ ಗುಳ್ಳೆ ನಿಂತರೆ ಹೀಗೇ ತಟ್ಟಿ ಎಂದು ಎಷ್ಟು ಮಕ್ಕಳಿಗೆ ತೋರಿಸಿದ್ದಾಳೆ, ಅಲ್ಲಾಡಲಿಲ್ಲ, ಹಿಸುಕಿದಳು, ಎರಡಾಗಿ ಮತ್ತೆ ಒಂದಾಯಿತು, ಅದಕ್ಕೇನು ಬೇಕೋ, ಹಾಗಲ್ವೇ ಮುದುಕಿ, ಕೊಡಿಲ್ಲಿ, ಸಣ್ಣಗೆ ಬಿಡದೆ ಅಲುಗಿಸ್ತಾ ಇರ್ಬೇಕು, ಎಂದು ಕೊಳವೆ ಇಸಿದುಕೊಂಡ, ಹಿಡಿದ, ಅವನೇನೂ ಮಾಡುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದ, ಕೊಳವೆ ನಡುಗುತ್ತಿತ್ತು, ಸಣ್ಣಗೆ, ಬಿಡದೆ, ಒಂದೇ ಸಮ, ಯಾರ ಕೈಗೂ ಬೇಕೆಂದರೂ ಬಾರದ ಹಾಗೆ, ಯೋಸಿಪ್‌ಗೆ ಹೇಳು, ಅಂದ ಮರ್ವ್ ಕಣ್ಣು ತೆಗೆಯದೆ, ಆ ಟೈರು ನಾಳೆನೂ ಪಂಕ್ಚರ್ರೇ ಇರ್ಲಿ ಅಂತ, ಓ ಮರ್ವ್‌ಗೂ ಗೊತ್ತಿತ್ತೇ, ವರಾಂಡದಿಂದ ಗಾಡಿ ಕಾಣುತ್ತದೆ, ಹೌದಲ್ಲ, ಗೊತ್ತಿದ್ದೂ ಮೂರು ಭಾನುವಾರ — ಗುಳ್ಳೆಯ ಅಂಚು ಅದುರಿತು, ಒಂದು ಬದಿ ಕೊಳವೆಯಿಂದ ಬಿಟ್ಟಿತು, ಉದ್ದವಾಯಿತು, ಬಾಗಿನ ನೆತ್ತಿಯಿಂದ ಒಂದು ಕೂದಲೆಳೆ ಸರಿಯಿತು, ಗುಳ್ಳೆ, ಅವನ ಬೆರಳುಗಳ ನಡುವೆ, ಗುಳ್ಳೆ